ಕೊನೆಯ ಗದ್ದೆ

2019ರ ಜನವರಿ 21ರ ಸೋಮವಾರ, ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮೀಜಿಯವರು ಲಿಂಗೈಕ್ಯರಾದಾಗ ಇನ್ನೂ ಹನ್ನೆರಡು ಗಂಟೆ ಹೊಡೆದಿರಲಿಲ್ಲ. ಸುದ್ದಿಯನ್ನು ಲೋಕಕ್ಕೆ ತಿಳಿಸಿದ್ದು ಮಾತ್ರ ಮಧ್ಯಾಹ್ನ, ಮಠದ ಮಕ್ಕಳು ಉಂಡು ಎದ್ದ ಮೇಲೆ. ತಮ್ಮ ಸಾವಿನಿಂದ ಮಕ್ಕಳ ಊಟ ತಪ್ಪಬಾರದೆಂಬುದು ಸ್ವಾಮೀಜಿಯವರ ಇಚ್ಛೆಯಾಗಿತ್ತು ಎಂದು ಅಂದು ಪತ್ರಿಕೆಗಳೆಲ್ಲ ಬರೆದವು. ನೂರಹನ್ನೊಂದು ವರ್ಷ ಬದುಕಿದ ಹಿರಿಯರೊಬ್ಬರ ಕೊನೆಯ ಆದೇಶ ಅದು.

ಬೆಳಗಿನ ಹೊತ್ತು ಸಾರ್ವಜನಿಕ ಸೇವೆ, ನಾಯಕತ್ವ ಎಂಬ ದೊಡ್ಡ ಮಾತುಗಳನ್ನು ಯೋಚಿಸುವಾಗಲೆಲ್ಲ ನನಗೆ ಈ ಆದೇಶ ನೆನಪಾಗುತ್ತದೆ. ಕರುಣೆ ಅದರಲ್ಲಿ ಇದ್ದೇ ಇದೆ. ಅಷ್ಟೇ ಅಲ್ಲ, ಆಡಳಿತ ಬಲ್ಲವರ ಖಚಿತವಾದ ಲೆಕ್ಕಾಚಾರವೂ ಅದರಲ್ಲಿದೆ. ಸುದ್ದಿ ಹೊರಬಿದ್ದರೆ ಏನಾಗುತ್ತದೆ? ಅಡುಗೆಯವರ ಕೈ ನಿಲ್ಲುತ್ತದೆ. ಬಡಿಸುವವರು ಗದ್ದುಗೆಯ ಕಡೆಗೆ ಓಡುತ್ತಾರೆ. ಸಾವಿರಾರು ಜನ ಒಳಗೆ ನುಗ್ಗುತ್ತಾರೆ, ಬಾಗಿಲುಗಳು ಮುಚ್ಚುತ್ತವೆ. ಆ ಗದ್ದಲದಲ್ಲಿ ಯಾರ ಕಣ್ಣಿಗೂ ಬೀಳದೆ ಹಸಿದು ಕೂರುವುದು ಯಾವುದೋ ಹಳ್ಳಿಯಿಂದ ಬಂದು ಒಂದನೆಯ ತರಗತಿಗೆ ಸೇರಿದ ಹುಡುಗ. ಪಂಕ್ತಿಯ ತುದಿಯಲ್ಲಿ ಕೂತ ಆ ಹುಡುಗನವರೆಗೆ ಯೋಚನೆ ತಲುಪಿದ್ದರಿಂದ ಆ ಆದೇಶ ಹುಟ್ಟಿತು.

‘ನಡೆದಾಡುವ ದೇವರು’ ಎಂದು ಜನ ಅವರನ್ನು ಕರೆದರು. ಪ್ರೀತಿಯಿಂದ ಕರೆದದ್ದು, ಅದಕ್ಕೆ ನನ್ನ ಆಕ್ಷೇಪವೇನೂ ಇಲ್ಲ. ಆದರೆ ಒಬ್ಬರನ್ನು ದೇವರೆಂದ ಕೂಡಲೇ ಅವರು ಮಾಡಿದ ಕೆಲಸ ನಮ್ಮ ಕಣ್ಣಿಗೆ ಮರೆಯಾಗಿಬಿಡುತ್ತದೆ. ಪವಾಡಕ್ಕೆ ದಿನಚರಿ ಬೇಕಿಲ್ಲವಲ್ಲ. ಸಿದ್ಧಗಂಗೆಯಲ್ಲಿ ನಡೆದದ್ದು ಪೂರ್ತಿಯಾಗಿ ದಿನಚರಿ. ಎಲ್ಲ ಜಾತಿ, ಎಲ್ಲ ಧರ್ಮಗಳ 8,000ಕ್ಕೂ ಹೆಚ್ಚು ಮಕ್ಕಳಿಗೆ ದಿನವೂ ಅನ್ನ, ವಸತಿ, ಪಾಠ. ಅಷ್ಟು ಜನಕ್ಕೆ ರಾಗಿ ಎಷ್ಟು ಬೇಕು, ಸೌದೆ ಎಲ್ಲಿಂದ, ನೀರು ಸಾಲುತ್ತದೆಯೇ, ಮುಂಜಾನೆ ಮೊದಲು ಏಳುವವರು ಯಾರು, ಜ್ವರ ಬಂದ ಮಗುವನ್ನು ನೋಡುವವರು ಯಾರು ಎಂದು ಪ್ರತಿದಿನ ಯಾರೋ ಕೇಳಬೇಕು, ಯಾರೋ ಉತ್ತರಿಸಬೇಕು. ಮಠಕ್ಕೆ ಆಸ್ತಿ ಕಡಿಮೆಯಿದ್ದ ಕಾಲದಲ್ಲಿ ಸ್ವಾಮೀಜಿಯೇ ಹಳ್ಳಿಹಳ್ಳಿ ತಿರುಗಿ ದವಸ ಬೇಡಿ ತಂದರು. ಆ ತಿರುಗಾಟದಲ್ಲಿ ಯಾವ ಊರಿನಲ್ಲಿ ಮಳೆ ಕೈಕೊಟ್ಟಿದೆ, ಯಾವ ಮನೆಯ ಮಗುವನ್ನು ಶಾಲೆ ಬಿಡಿಸಿ ದನ ಕಾಯಲು ಕಳಿಸಿದ್ದಾರೆ ಎಂಬುದು ಕಣ್ಣಿಗೆ ಬೀಳದೆ ಇರುತ್ತದೆಯೇ? ಯಾವ ವರದಿಯೂ ಕೊಡಲಾರದ ತಿಳಿವಳಿಕೆ ಅದು.

ಅವರು ಆ ಸ್ಥಾನವನ್ನು ಬಯಸಿ ಬಂದವರಲ್ಲ. ಮಾಗಡಿ ತಾಲ್ಲೂಕಿನ ವೀರಾಪುರದ ಶಿವಣ್ಣ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿ. ಮಠದ ಉತ್ತರಾಧಿಕಾರಿಯಾಗಿದ್ದ ಮರುಳಾರಾಧ್ಯರು ತೀರಿಕೊಂಡಾಗ ಅಂತಿಮ ದರ್ಶನಕ್ಕೆಂದು ಬಂದ ಆ ಯುವಕನನ್ನು ಉದ್ದಾನ ಶಿವಯೋಗಿಗಳು ಆರಿಸಿಕೊಂಡರು. 1930ರಲ್ಲಿ ದೀಕ್ಷೆಯಾಯಿತು, 1941ರಲ್ಲಿ ಪೂರ್ಣ ಹೊಣೆ ಹೆಗಲಿಗೆ ಬಂತು. ಅವರು ತಮ್ಮ ಉತ್ತರಾಧಿಕಾರಿಯನ್ನು ಗೊತ್ತುಮಾಡಿದ್ದು 1988ರಲ್ಲಿ, ತಾವು ಇನ್ನೂ ಗಟ್ಟಿಮುಟ್ಟಾಗಿ ಓಡಾಡುತ್ತಿದ್ದಾಗಲೇ. ಮೂವತ್ತು ವರ್ಷಕ್ಕೂ ಮೊದಲೇ ತಮ್ಮ ನಂತರದವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೆಲಸ ಕಲಿಸಿದ ಮುಖ್ಯಸ್ಥರು ನಮ್ಮ ಸಂಸ್ಥೆಗಳಲ್ಲಿ ಎಷ್ಟು ಜನ ಸಿಕ್ಕಾರು? ಸ್ವಾಮೀಜಿ ಹೋದ ಮರುದಿನವೂ ಮಠದಲ್ಲಿ ಒಲೆ ಉರಿಯಿತು, ಮಕ್ಕಳು ಪ್ರಾರ್ಥನೆಗೆ ಕೂತರು. ಅವರ ಸಾಧನೆಗಳಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಇದು.

ಮಠದಲ್ಲಿ ಒಬ್ಬರೇ ಎಂಟು ದಶಕ ಇರಬಹುದು. ಸರ್ಕಾರಿ ಕುರ್ಚಿಯ ಧರ್ಮ ಬೇರೆ. ಜಿಲ್ಲಾಧಿಕಾರಿಯ ಕೊಠಡಿಗೆ ಹೋದವರು ಗೋಡೆಯ ಮೇಲಿನ ಆ ಫಲಕವನ್ನು ನೋಡಿರುತ್ತೀರಿ: ಹೆಸರು, ಇಂಥ ದಿನದಿಂದ, ಇಂಥ ದಿನದವರೆಗೆ. ಕೆಲವು ಹೆಸರುಗಳ ಎದುರಿಗೆ ಎರಡು ಮಳೆಗಾಲವೂ ಕಂಡಿರದಷ್ಟು ಕಿರಿದಾದ ಅವಧಿ. ಒಂದು ಜಿಲ್ಲೆಯ ಕೆರೆಗಳ ಹೆಸರು ಕಲಿಯಲು ಕೂಡ ಅಷ್ಟು ಕಾಲ ಸಾಲದು. ಹಾಗಿದ್ದರೆ ಇಂಥ ಕುರ್ಚಿಯಲ್ಲಿ ಕೂತವರು ಏನನ್ನು ತಾನೇ ಉಳಿಸಿ ಹೋಗಬಲ್ಲರು?

ತುಮಕೂರಿನ ಮಟ್ಟಿಗೆ ಈ ಪ್ರಶ್ನೆಗೆ ಒಂದು ಹಳೆಯ ಉತ್ತರವಿದೆ. 1879ರಲ್ಲಿ ಇಲ್ಲಿಗೆ ಡೆಪ್ಯುಟಿ ಕಮಿಷನರ್ ಆಗಿ ಬಂದವರು ಕೆ. ಶೇಷಾದ್ರಿ ಅಯ್ಯರ್. ಆಗ ಅವರಿಗೆ ಮೂವತ್ತನಾಲ್ಕರ ಆಸುಪಾಸು. 1876ರಿಂದ 1878ರವರೆಗಿನ ಮಹಾಕ್ಷಾಮ ಆಗತಾನೇ ಮುಗಿದಿತ್ತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ಅಂಕಿಗಳ ನಡುವಿನ ವ್ಯತ್ಯಾಸ ಎಂದರೆ ಬಾಗಿಲು ಮುಚ್ಚಿದ ಮನೆಗಳು, ಉಳುವವರಿಲ್ಲದೆ ಬೀಳುಬಿದ್ದ ಹೊಲಗಳು. ತುಮಕೂರಿನಂಥ ಬಯಲುಸೀಮೆಯ ಜಿಲ್ಲೆಯಲ್ಲಿ ಆಗ ಅಧಿಕಾರಿಯಾಗಿ ಇರುವುದೆಂದರೆ ಅಂಥ ಹಳ್ಳಿಗಳ ನಡುವೆ ಕುದುರೆ ಏರಿ ಹೋಗುವುದು, ಕಂದಾಯದ ಲೆಕ್ಕ ನೋಡುತ್ತ ನೋಡುತ್ತ ಜನರ ಮುಖ ನೋಡುವುದು.

1883ರಲ್ಲಿ ಅವರು ದಿವಾನರಾದರು. ಮರುವರ್ಷ, 1884ರಲ್ಲಿ, ಬೆಂಗಳೂರಿನಿಂದ ತುಮಕೂರಿಗೆ, ಅಲ್ಲಿಂದ ಗುಬ್ಬಿಗೆ ರೈಲು ಬಂತು. ಕೆಲವು ವರ್ಷಗಳಲ್ಲಿ ಹಳಿ ಹರಿಹರ ಮುಟ್ಟಿತು. ಕ್ಷಾಮ ಕಲಿಸಿದ ಪಾಠಗಳಲ್ಲಿ ಇದೂ ಒಂದು: ಧಾನ್ಯ ಒಂದು ಕಡೆ ಇದ್ದರೂ ಹಸಿದ ಊರಿಗೆ ತಲುಪಿಸಲು ದಾರಿಯಿಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ. ಮಾರಿಕಣಿವೆಯ ಅಣೆಕಟ್ಟಿನ ಕೆಲಸ ಅವರ ಆಡಳಿತದಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ. ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡಿದ್ದರು. ತಾವು ಹೊತ್ತು ತಂದ ಎರಡು ದೊಡ್ಡ ಕೆಲಸಗಳ ಫಲವನ್ನು ಅವರು ಕಾಣಲಿಲ್ಲ. ಆ ಕೆಲಸಗಳು ಅವರಿಗಾಗಿ ಕಾಯಲೂ ಇಲ್ಲ. ನಕ್ಷೆ, ಅಂದಾಜುಪಟ್ಟಿ, ಗುತ್ತಿಗೆ, ಎಂಜಿನಿಯರುಗಳು ಎಲ್ಲವೂ ಒಬ್ಬರ ಉಸಿರಿಗೆ ಜೋತುಬೀಳದಂತೆ ಅಣಿಯಾಗಿದ್ದವು. ಉದ್ಘಾಟನೆಯ ಕಲ್ಲಿನ ಮೇಲೆ ಹೆಸರು ಬರುವಷ್ಟರಲ್ಲಿ ಮುಗಿಯುವ ಕೆಲಸವನ್ನೇ ಕೈಗೆತ್ತಿಕೊಳ್ಳುವ ಅವಸರ ಇಂದು ಎಲ್ಲೆಡೆ ಕಾಣುತ್ತದೆ. ಅದರ ನಡುವೆ ಈ ಧೈರ್ಯ ನನಗೆ ಅಪರೂಪವೆನಿಸುತ್ತದೆ.

(ಬೆಂಗಳೂರು–ತುಮಕೂರು ರಸ್ತೆಯ ಡಾಬಸ್‌ಪೇಟೆಯನ್ನು ದಿನಾ ದಾಟುವವರಲ್ಲಿ ಎಷ್ಟೋ ಜನಕ್ಕೆ ಆ ಹೆಸರಿನ ಹಿಂದೆ ಡಾಬ್ಸ್ ಎಂಬ ಅಧಿಕಾರಿ ಇದ್ದಾನೆಂದು ತಿಳಿಯದು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಬಹುಕಾಲ ಈ ಸೀಮೆಯನ್ನು ಆಳಿದವನು, ತುಮಕೂರು ಪಟ್ಟಣವನ್ನು ಬೆಳೆಸಿದವನು. ಹೆಸರು ಉಳಿಯಿತು, ಮನುಷ್ಯ ಮರೆತುಹೋದ. ಹೆಸರು ಉಳಿಯುವುದಕ್ಕೂ ಕೆಲಸ ಉಳಿಯುವುದಕ್ಕೂ ಹೇಳಿಕೊಳ್ಳುವಂಥ ನಂಟಿಲ್ಲ.)

ರೈಲು ಬಂತು ಎಂದೆ. ರೈಲಿನಲ್ಲಿ ಬಂದವರು ಇಳಿದು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಯನ್ನು ಕೇಳಿಕೊಂಡವರು ಗುಬ್ಬಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ವ್ಯಾಪಾರ ಮಾಡಿದ ತೋಟದಪ್ಪನವರು. ಅವರು ಅಧಿಕಾರಿಯಲ್ಲ, ದಿವಾನರಲ್ಲ. ಬೆಂಗಳೂರಿನ ರೈಲು ನಿಲ್ದಾಣದ ಎದುರಿಗೇ ಜಾಗ ಕೊಂಡು ಛತ್ರ ಕಟ್ಟಿಸಿದರು. ಜಾಗದ ಆಯ್ಕೆಯಲ್ಲೇ ಅವರ ಮನಸ್ಸು ಗೊತ್ತಾಗುತ್ತದೆ. ರಾತ್ರಿ ಹೊತ್ತು ಗಂಟು ಹೊತ್ತು ಇಳಿದ ಹಳ್ಳಿಯವನಿಗೆ, ಆಸ್ಪತ್ರೆಗೆಂದೋ ಕೋರ್ಟಿಗೆಂದೋ ಬಂದವನಿಗೆ, ಬೆಂಗಳೂರಿನ ಬೀದಿ ತಿಳಿಯದು, ಹೋಟೆಲಿಗೆ ಕೊಡಲು ಕಾಸಿಲ್ಲ. ಅವನು ನಿಲ್ದಾಣದ ಬಾಗಿಲಿನಿಂದ ಹೊರಗೆ ಬಂದಾಗ ಎದುರಿಗೆ ಒಂದು ಸೂರು ಕಾಣಬೇಕು. ಊರ ನಡುವೆ, ಪೇಟೆಯಲ್ಲಿ, ತಮ್ಮ ಅಂಗಡಿಯ ಪಕ್ಕದಲ್ಲಿ ಕಟ್ಟಿಸಿದ್ದರೆ ನಾಲ್ಕು ಜನ ಹೆಚ್ಚು ಹೊಗಳುತ್ತಿದ್ದರೇನೋ. ಆ ಹಳ್ಳಿಯವನಿಗೆ ಮಾತ್ರ ದಾರಿ ಸಿಗುತ್ತಿರಲಿಲ್ಲ.

ಓದಲು ಬಂದ ಹುಡುಗರಿಗೂ ಅವರು ಉಚಿತ ವಸತಿ ಏರ್ಪಡಿಸಿದರು. ಆಮೇಲೆ ಮಾಡಿದ್ದು ಇನ್ನೂ ದೊಡ್ಡ ಕೆಲಸ. ಆಸ್ತಿಯನ್ನು ಧರ್ಮಸಂಸ್ಥೆಗೆ ಬರೆದು, ಅದರ ಆಡಳಿತವನ್ನು ಕೆ.ಪಿ. ಪುಟ್ಟಣ್ಣಚೆಟ್ಟಿಯವರಂಥ ನುರಿತ ಆಡಳಿತಗಾರರ ಕೈಗೆ ಒಪ್ಪಿಸಿದರು. ಮೈಸೂರು ಸರ್ಕಾರದ ಸೇವೆಯಲ್ಲಿ ಮೇಲಿನ ಹುದ್ದೆಗಳಿಗೆ ಏರಿ, ಮುಂದೆ ಬೆಂಗಳೂರು ನಗರಸಭೆಯ ಅಧ್ಯಕ್ಷರಾದ, ಇಂದಿನ ಪುರಭವನಕ್ಕೆ ಯಾರ ಹೆಸರಿದೆಯೋ ಆ ಪುಟ್ಟಣ್ಣಚೆಟ್ಟಿಯವರು. ದಾನಿಯ ಹೃದಯ ಒಬ್ಬರದು, ಲೆಕ್ಕದ ಕಣ್ಣು ಮತ್ತೊಬ್ಬರದು. 1910ರಲ್ಲಿ ತೋಟದಪ್ಪನವರು ತೀರಿಕೊಂಡ ಮೇಲೂ ಛತ್ರದ ಬಾಗಿಲು ತೆರೆದೇ ಇತ್ತು. ಅಲ್ಲಿನ ವಿದ್ಯಾರ್ಥಿನಿಲಯದಲ್ಲಿ ಇದ್ದು ಓದಿದ್ದೇನೆ ಎಂದು ಹೇಳುವ ಹಿರಿಯರು ನಾಡಿನ ಎಲ್ಲ ಮೂಲೆಗಳಲ್ಲಿ ಸಿಗುತ್ತಾರೆ. ಒಳ್ಳೆಯದನ್ನು ಮಾಡುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಅದನ್ನು ಇನ್ನೊಬ್ಬರ ಕೈಗೆ ಕೊಟ್ಟು ಹಿಂದೆ ಸರಿಯಬಲ್ಲವರು ಕಡಿಮೆ.

ಮತ್ತೆ ಸರ್ಕಾರಿ ಕುರ್ಚಿಗೆ, ನಮ್ಮ ಕಾಲಕ್ಕೆ ಬರೋಣ. ಕುಣಿಗಲ್ ತಾಲ್ಲೂಕಿನ ದೊಡ್ಡಕೊಪ್ಪಲು ಎಂಬ ಹಳ್ಳಿಯ ಹೆಸರು ನಾಡಿಗೆಲ್ಲ ಗೊತ್ತಾದದ್ದು ದುಃಖದ ಕಾರಣಕ್ಕೆ. ಅಲ್ಲಿನ ರೈತ ಕುಟುಂಬದಿಂದ ಬಂದು ಐಎಎಸ್ ಅಧಿಕಾರಿಯಾದ ಡಿ.ಕೆ. ರವಿ ಕೋಲಾರದ ಜಿಲ್ಲಾಧಿಕಾರಿಯಾಗಿ ಕೆಲಸ ಮಾಡಿದ್ದು 2013–14ರಲ್ಲಿ, ಒಂದು ವರ್ಷದ ಮೇಲೆ ಸ್ವಲ್ಪ ಕಾಲ. ಕೆರೆ ಮತ್ತು ಸರ್ಕಾರಿ ಜಮೀನಿನ ಒತ್ತುವರಿ, ಮರಳು ದಂಧೆ ಇವುಗಳ ವಿರುದ್ಧ ಅವರು ತೆಗೆದುಕೊಂಡ ಕ್ರಮಗಳು ಪತ್ರಿಕೆಗಳಲ್ಲಿ ಬಂದವು. ಅವರನ್ನು ವರ್ಗ ಮಾಡಿದಾಗ ಜನ ಬೀದಿಗೆ ಇಳಿದರು. 2015ರ ಮಾರ್ಚ್ 16ರಂದು, ಮೂವತ್ತೈದನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡಾಗ ಕೋಲಾರ ಅತ್ತಿತು, ಕುಣಿಗಲ್ ಅತ್ತಿತು.

ಆ ಪ್ರೀತಿಯ ಮುಂದೆ ತಲೆಬಾಗುತ್ತೇನೆ. ಜೊತೆಗೇ ಒಂದು ಆತಂಕವನ್ನೂ ಹೇಳಬೇಕು. ಅಧಿಕಾರಿಯೊಬ್ಬ ವರ್ಗವಾದ ಕೂಡಲೇ ಇನ್ನು ನಮ್ಮ ಕೆಲಸ ಆಗುವುದಿಲ್ಲ ಎಂದು ಒಂದು ಜಿಲ್ಲೆಗೆ ಜಿಲ್ಲೆಯೇ ಭಯಪಡುತ್ತದೆ ಎಂದರೆ ನಾವು ಆ ಯುವಕನ ಹೆಗಲ ಮೇಲೆ ಎಷ್ಟು ದೊಡ್ಡ ಭಾರ ಹೊರಿಸಿದ್ದೆವು! ವಿಧವೆಯ ಪಿಂಚಣಿ, ತೀರಿಕೊಂಡ ತಂದೆಯ ಹೆಸರಿನಿಂದ ಮಗನ ಹೆಸರಿಗೆ ಆಗಬೇಕಾದ ಪೌತಿ ಖಾತೆ, ವರ್ಷಗಳಿಂದ ನಿಂತ ಜಮೀನಿನ ಪೋಡಿ ಇವೆಲ್ಲ ಒಬ್ಬ ಧೀರ ಬಂದಾಗ ಮಾತ್ರ ನಡೆಯುವ ಕೆಲಸಗಳಾಗಬಾರದು. ಅರ್ಜಿಗೆ ಇಷ್ಟು ದಿನದೊಳಗೆ ಉತ್ತರ ಕೊಡಲೇಬೇಕು ಎಂದು ಕರ್ನಾಟಕ 2011ರಲ್ಲಿ ಕಾಯ್ದೆ ಮಾಡಿತು. ಸಕಾಲ ಎಂದು ನಾವೆಲ್ಲ ಅದನ್ನು ಬಲ್ಲೆವು. ಅದರ ಜಾರಿಯಲ್ಲಿ ನೂರು ಕೊರತೆ ಹುಡುಕಬಹುದು. ಆದರೂ ‘ಸಾಹೇಬರು ಒಳ್ಳೆಯವರು’ ಎಂಬುದರ ಜಾಗದಲ್ಲಿ ‘ಇದು ನನ್ನ ಹಕ್ಕು, ಇಂಥ ತಾರೀಖಿಗೆ ಆಗಬೇಕು’ ಎಂದು ಹೇಳುವ ಮಾತನ್ನು ಅದು ಮುದುಕಿಯೊಬ್ಬಳ ಬಾಯಿಗೆ ಕೊಟ್ಟಿದೆ. ಸೇವೆಯ ನಾಯಕತ್ವ ಅಂಥ ಮಾತನ್ನು ಬಲಪಡಿಸಿದರೆ ರವಿಯವರಂಥವರ ಶ್ರಮಕ್ಕೆ ಅದಕ್ಕಿಂತ ದೊಡ್ಡ ಗೌರವವಿಲ್ಲ.

ಕುಣಿಗಲ್ಲಿಗೆ ಬಂದ ಮೇಲೆ ಕೆರೆಯ ಮಾತಾಡದೆ ಹೋಗಲಾಗದು. ಜನಪದರು ಹಾಡಿ ಹಾಡಿ ನಾಡಿಗೆಲ್ಲ ಪರಿಚಯಿಸಿದ ಕೆರೆ ಅದು. ಕೆರೆ ಕಟ್ಟಿದವರನ್ನು ಹಾಡು, ಶಾಸನ, ವೀರಗಲ್ಲು ಎಲ್ಲವೂ ನೆನೆಯುತ್ತವೆ. ಕೆರೆಯ ನೀರನ್ನು ದಿನಾ ಹಂಚಿದವನನ್ನು ಯಾರು ನೆನೆದರು? ಅವನ ಹೆಸರು ನೀರುಗಂಟಿ. ತೂಬು ಎತ್ತುವವನು, ಕಾಲುವೆಯ ಕಸ ತೆಗೆಯುವವನು, ಏರಿಯ ಮೇಲೆ ರಾತ್ರಿ ನಡೆದು ಎಲ್ಲಿ ತೇವ ಒಸರುತ್ತಿದೆ ಎಂದು ನೋಡುವವನು. ಅಚ್ಚುಕಟ್ಟಿನ ಮೇಲ್ಗದ್ದೆಯ ಗೌಡನಿಗೂ ಕೊನೆಯ ಗದ್ದೆಯ ಬಡವನಿಗೂ ಸರದಿಯ ಪ್ರಕಾರ ನೀರು ಹಾಯಿಸುವುದು ಅವನ ಹೊಣೆ. ಸುಗ್ಗಿಯಲ್ಲಿ ಎಲ್ಲರ ಕಣದಿಂದಲೂ ಅವನಿಗೆ ಕಾಳು ಬರಬೇಕು. ಆದ್ದರಿಂದ ಕೊನೆಯ ಗದ್ದೆ ಒಣಗಿದರೆ ಅವನ ಮಡಿಲಿಗೂ ಅಷ್ಟು ಕಡಿಮೆ. ಎಷ್ಟು ಸರಳವಾದ ಏರ್ಪಾಡು! ಕೊನೆಯವನ ಸೋಲು ಹಂಚುವವನ ಸೋಲೂ ಆಗಿತ್ತು.

ಆದರೆ ಹಳೆಯದನ್ನೆಲ್ಲ ಹೊನ್ನು ಎನ್ನಲಾರೆ. ಅನೇಕ ಊರುಗಳಲ್ಲಿ ನೀರುಗಂಟಿಗಳು ದಲಿತ ಕುಟುಂಬದವರು. ಊರಿಗೆಲ್ಲ ನೀರು ಹಾಯಿಸಿದವನಿಗೆ ಊರ ಬಾವಿಯ ನೀರು ಮುಟ್ಟುವ ಹಕ್ಕಿರಲಿಲ್ಲ. ತಂದೆಯ ಚಾಕರಿ ಮಗನ ತಲೆಗೆ ಕಟ್ಟಿದ್ದೇ. ವಂಶಪಾರಂಪರ್ಯವಾದ ಗ್ರಾಮ ಹುದ್ದೆಗಳನ್ನು ರದ್ದುಮಾಡಿದ 1961ರ ಕಾಯ್ದೆ ಶಾನುಭೋಗ, ಪಟೇಲರ ಜೊತೆಗೆ ಈ ಕೆಳಗಿನ ಚಾಕರಿಗಳನ್ನೂ ಕೊನೆಗಾಣಿಸಿತು. ಅದು ಆಗಬೇಕಾದದ್ದೇ ಆಗಿತ್ತು. ಆಗಬಾರದಾಗಿದ್ದದ್ದು ಇನ್ನೊಂದು: ಆ ಮನುಷ್ಯನ ತಲೆಯಲ್ಲಿದ್ದ ವಿದ್ಯೆಯನ್ನು ಯಾರೂ ಕೇಳಿ ಬರೆದುಕೊಳ್ಳಲಿಲ್ಲ, ಸಂಬಳ ಕೊಟ್ಟು ಗೌರವದ ಹುದ್ದೆಯಲ್ಲಿ ಅವನನ್ನು ಕೂರಿಸಲಿಲ್ಲ. ಶಾನುಭೋಗನ ಲೆಕ್ಕ ಸರ್ಕಾರದ ಕಡತಕ್ಕೆ ಬಂತು. ನೀರುಗಂಟಿಯ ಲೆಕ್ಕ ಅವನ ಜೊತೆಗೇ ಮಣ್ಣಾಯಿತು. ಕರ್ನಾಟಕದ 36,000ಕ್ಕೂ ಹೆಚ್ಚು ಕೆರೆಗಳಲ್ಲಿ ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆಯಿದ್ದರೆ ಒಂದು ಆಡಳಿತ, ಹೆಚ್ಚಿದ್ದರೆ ಇನ್ನೊಂದು. ತೂಬಿನಲ್ಲಿ ಕಸ ಕಟ್ಟಿದರೆ ಯಾರ ಬಾಗಿಲು ತಟ್ಟಬೇಕು ಎಂದು ರೈತನಿಗೆ ತಿಳಿಯದ ಸ್ಥಿತಿ. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಶುರುವಾದ ಜಲ ಸಂವರ್ಧನೆ ಯೋಜನೆ ತುಮಕೂರು ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿತು. ಹೂಳೆತ್ತುವ ಹಣ ಬಂದಷ್ಟು ಸುಲಭವಾಗಿ ನೀರು ಹಂಚುವ ಆ ಹಳೆಯ ನಿಯತ್ತು ಬರಲಿಲ್ಲ.

ಈಗ ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರೂ ಊರುಗಳನ್ನು ಬೆಸೆದಿರುವುದು ಹೇಮಾವತಿಯ ನೀರು. ಹಾಸನ ಜಿಲ್ಲೆಯ ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅಲ್ಲಿಂದ ಕಾಲುವೆಯಲ್ಲಿ ಬರುವ ನೀರು ಬುಗುಡನಹಳ್ಳಿ ಕೆರೆ ತುಂಬಿ ತುಮಕೂರು ನಗರದ ನಲ್ಲಿಗಳಿಗೆ ಹೋಗುತ್ತದೆ, ಗುಬ್ಬಿಯ ತೆಂಗು ಅಡಿಕೆ ತೋಟಗಳ ಅಂತರ್ಜಲ ಉಳಿಸುತ್ತದೆ, ಕುಣಿಗಲ್ಲಿಗೆ ಬರುವಷ್ಟರಲ್ಲಿ ಸೊರಗುತ್ತದೆ. ಕುಣಿಗಲ್ ಕಾಲುವೆಯ ಬಾಲ. ‘ಟೇಲ್ ಎಂಡ್‌ಗೆ ನೀರು ಬರಲಿಲ್ಲ’ ಎಂಬುದು ಇಲ್ಲಿ ಓದುಬರಹ ಬಾರದ ರೈತನ ಬಾಯಲ್ಲೂ ಇರುವ ಮಾತು. ಕುಣಿಗಲ್ಲಿಗೂ ಮುಂದೆ ಮಾಗಡಿಗೂ ನೇರವಾಗಿ ನೀರು ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ಕೆಲಸ ಶುರುವಾದಾಗ ಗುಬ್ಬಿ, ತುಮಕೂರು ಭಾಗದ ರೈತರು ನಮ್ಮ ಪಾಲು ಹೋಯಿತು ಎಂದು ಎದ್ದುನಿಂತರು. 2024ರಲ್ಲಿ, 2025ರಲ್ಲಿ ಹೋರಾಟಗಳಾದವು, ನಿಷೇಧಾಜ್ಞೆ ಬಂತು, ಪೊಲೀಸರು ಬಂದರು.

ಗುಬ್ಬಿಯವರ ಭಯ ಸುಳ್ಳಲ್ಲ. ಕುಣಿಗಲ್ಲಿನವರ ಬಾಯಾರಿಕೆಯೂ ಸುಳ್ಳಲ್ಲ. ಇಬ್ಬರು ಸತ್ಯವಂತರ ನಡುವೆ ನಿಂತಾಗಲೇ ಸಾರ್ವಜನಿಕ ಸೇವೆಯಲ್ಲಿರುವವರ ನಿಜವಾದ ಪರೀಕ್ಷೆ. ಅಲ್ಲಿ ಗಟ್ಟಿದನಿ ಕೆಲಸಕ್ಕೆ ಬಾರದು. ಪ್ರತಿದಿನ ಯಾವ ತೂಬಿನಲ್ಲಿ ಎಷ್ಟು ನೀರು ಹೋಯಿತು ಎಂಬ ಲೆಕ್ಕವನ್ನು ಎರಡೂ ಕಡೆಯವರ ಎದುರಿಗೆ ಹಿಡಿಯಬೇಕು. ಗುಬ್ಬಿಯ ರೈತ ಕುಣಿಗಲ್ಲಿನ ಕೊನೆಯ ತೂಬಿಗೆ ಹೋಗಿ ನೋಡುವಂತಾಗಬೇಕು, ಕುಣಿಗಲ್ಲಿನವನು ಗುಬ್ಬಿಯ ಕೊಳವೆಬಾವಿಯ ಆಳ ಕೇಳುವಂತಾಗಬೇಕು. ಹಿಂದಿನ ಅಧಿಕಾರಿಗಳು ಹಳ್ಳಿಯಲ್ಲಿ ಡೇರೆ ಹಾಕಿ ದಿನಗಟ್ಟಲೆ ಮೊಕ್ಕಾಂ ಮಾಡುತ್ತಿದ್ದರು. ಅದರಲ್ಲಿ ದರ್ಪವೂ ಇತ್ತು, ಊರಿನವರ ಮೇಲೆ ಖರ್ಚೂ ಬೀಳುತ್ತಿತ್ತು. ಆದರೂ ಡೇರೆಯ ಹೊರಗೆ ಸಂಜೆ ಕೂತವರು ಹೇಳುವ ಮಾತು ವಿಡಿಯೊ ಸಭೆಯ ಪರದೆಯ ಮೇಲೆ ಬರುವುದಿಲ್ಲ. ಕಾರಿನಲ್ಲಿ ಬಂದು ಕಾಲುವೆಯ ತಲೆಭಾಗ ನೋಡಿ ಹೋಗುವುದು ಸುಲಭ, ಅಲ್ಲಿ ರಸ್ತೆ ಚೆನ್ನಾಗಿರುತ್ತದೆ. ಬಾಲದವರೆಗೆ ಹೋಗಬೇಕಾದರೆ ಏರಿಯ ಮೇಲೆ ನಡೆಯಬೇಕು.

ಈಚಿನ ವರ್ಷಗಳಲ್ಲಿ ನಮ್ಮ ಎಷ್ಟೋ ಹುಡುಗ ಹುಡುಗಿಯರು ಗ್ರಾಮ ಆಡಳಿತ ಅಧಿಕಾರಿಗಳಾಗಿ ಕೆಲಸಕ್ಕೆ ಸೇರಿದ್ದಾರೆ. ಪರೀಕ್ಷೆಗೆ ರಾತ್ರಿಯೆಲ್ಲ ಓದಿದವರು, ಮನೆಯಲ್ಲಿ ಮೊದಲ ಸರ್ಕಾರಿ ಸಂಬಳ ತಂದವರು. ಅವರಲ್ಲಿ ಯಾರಿಗಾದರೂ ಕುಣಿಗಲ್ ಕಡೆಯ ಹಳ್ಳಿ ಸಿಕ್ಕಿದ್ದರೆ, ಇಂದು ಬೆಳಿಗ್ಗೆ ಬಸ್ಸಿನ ಕಿಟಕಿಯ ಪಕ್ಕ ಕೂತು ಹೊರಟಿದ್ದರೆ, ಅವರಿಗೆ ಒಂದು ವಿನಂತಿಯಿದೆ. ಮೇಲಧಿಕಾರಿ ಕೇಳುವ ಮಾಹಿತಿ ಮಧ್ಯಾಹ್ನ ಕಳಿಸಬಹುದು. ಬಿಸಿಲೇರುವ ಮೊದಲು ಊರಿನಲ್ಲಿ ಹಿಂದೆ ನೀರುಗಂಟಿ ಕೆಲಸ ಮಾಡಿದ ಮನೆ ಯಾವುದು ಎಂದು ಕೇಳಿ. ಅಜ್ಜ ಇಲ್ಲದಿದ್ದರೆ ಅಜ್ಜಿ ಇದ್ದಾಳು, ಮಗ ಇದ್ದಾನು. ಕೆರೆಯ ಗಡಿಕಲ್ಲು ಎಲ್ಲಿ ಹೂತುಹೋಗಿದೆ, ಹಳೆಯ ರಾಜಕಾಲುವೆಯ ಮೇಲೆ ಯಾರು ಬೇಲಿ ಹಾಕಿದ್ದಾರೆ, ನೀರು ತಪ್ಪಿ ಎಷ್ಟು ವರ್ಷವಾಯಿತು, ಯಾವ ಸರ್ವೆ ನಂಬರಿನವರು ಜಮೀನು ಬಿಟ್ಟು ಬೆಂಗಳೂರು ಸೇರಿದರು ಎಂಬುದು ಅವರಿಗೆ ಗೊತ್ತಿರುತ್ತದೆ. ಅವರನ್ನು ಕರೆದುಕೊಂಡು ಅಚ್ಚುಕಟ್ಟಿನ ಕೊನೆಯವರೆಗೆ ನಡೆದು, ಕಂಡದ್ದನ್ನು ಬರೆದಿಡಿ. ಬರೆದದ್ದರ ಕೆಳಗೆ ಅವರ ಹೆಸರನ್ನೂ ಹಾಕಿ. ನಿಮ್ಮ ನಂತರ ಆ ವೃತ್ತಕ್ಕೆ ಬರುವವರಿಗೆ ಅದು ಬೇಕಾಗುತ್ತದೆ.